ಸ್ವೀಕೃತಿಯ ಋಣ

ನಾಡಕಚೇರಿಯ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಜನ ಬಂದು ಕೂರುವುದು ಅದಕ್ಕೂ ಮುಂಚೆ. ಚಂದಕವಾಡಿ ಹೋಬಳಿ ಕೇಂದ್ರವಾದ್ದರಿಂದ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಿಧವಾ ವೇತನ, ವೃದ್ಧಾಪ್ಯ ವೇತನ ಎಂದು ಸುತ್ತಲ ಹಳ್ಳಿಯವರು ಇಲ್ಲಿಗೇ ಬರಬೇಕು. ಶಾಲೆ ಕಾಲೇಜು ಶುರುವಾಗುವ ಜೂನ್ ತಿಂಗಳಲ್ಲಂತೂ ಸಾಲು ಉದ್ದವಾಗುತ್ತದೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರಲ್ಲಿ ರೇಷನ್ ಕಾರ್ಡು, ಆಧಾರ್ ಜೆರಾಕ್ಸು, ಮಗಳ ಮಾರ್ಕ್ಸ್ ಕಾರ್ಡು. ಬಹಳ ಮಂದಿ ಅಂದಿನ ಕೂಲಿ ಬಿಟ್ಟು ಬಂದವರು. ಅರಿಶಿನದ ಹೊಲದಲ್ಲಿ ಕಳೆ ತೆಗೆಯುವ ಕಾಲ ಅದು, ಕರೆದರೂ ಆಳು ಸಿಗದ ಕಾಲ. ಆ ಒಂದು ದಿನಕ್ಕೆ ಬೆಲೆ ಹೆಚ್ಚು.

ಬೆಳಗಿನ ಜಾವ ಕೆಲಸಕ್ಕೆ ಕೂತಾಗ ನನ್ನ ಮನಸ್ಸು ಆ ಸಾಲಿನ ಕಡೆಗೇ ಹೋಗುತ್ತದೆ. ನನ್ನ ಕೆಲಸ ಸರ್ವರಿನಲ್ಲಿ ಓಡುವ ವೆಬ್ ಸೇವೆಗಳಿಗೆ ಪ್ರೋಗ್ರಾಂ ಬರೆಯುವುದು. ಯಾರೋ ಎಲ್ಲಿಂದಲೋ ಒಂದು ಕೋರಿಕೆ ಕಳಿಸುತ್ತಾರೆ, ನಾನು ಬರೆದದ್ದು ಅದಕ್ಕೆ ಉತ್ತರ ಕೊಡಬೇಕು. ಬಿಳಿಗಿರಿರಂಗನ ಬೆಟ್ಟದ ದಿಕ್ಕಿನಲ್ಲಿ ಬೆಳಕು ಮೂಡುವ ಹೊತ್ತಿಗೆ ಕೋರಿಕೆಗಳು ಕಡಮೆ, ಫೋನೂ ಸುಮ್ಮನಿರುತ್ತದೆ. ಕೂಡಲೇ ಉತ್ತರ ಕೊಡಲಾಗದ ಕೋರಿಕೆಗಳನ್ನು ಏನು ಮಾಡಬೇಕು ಎಂದು ಯೋಚಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹೀಗೆ ಆಮೇಲೆ ಕೊಡುವ ಉತ್ತರವನ್ನು ನಮ್ಮ ಕಸುಬಿನವರು ಅಸಿಂಕ್ರೊನಸ್ ಎನ್ನುತ್ತಾರೆ. ಕೇಳಿದ ಗಳಿಗೆಗೂ ಉತ್ತರ ಸಿಗುವ ಗಳಿಗೆಗೂ ನಡುವೆ ಕಾಲವಿದೆ. ಆ ಕಾಲದಲ್ಲಿ ಇಬ್ಬರೂ ತಂತಮ್ಮ ಬೇರೆ ಕೆಲಸ ನೋಡಿಕೊಳ್ಳಬಹುದು.

ಕೌಂಟರಿನಲ್ಲಿ ಆಗುವುದನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಅಲ್ಲೇ ಇದೆ. ಆಪರೇಟರ್ ಹೆಸರು, ಊರು, ಆಧಾರ್ ಸಂಖ್ಯೆ ಟೈಪ್ ಮಾಡುತ್ತಾರೆ, ಕಾಗದಗಳನ್ನು ಸ್ಕ್ಯಾನ್ ಮಾಡುತ್ತಾರೆ, ಶುಲ್ಕ ತೆಗೆದುಕೊಳ್ಳುತ್ತಾರೆ. ಪ್ರಿಂಟರಿನಿಂದ ಒಂದು ಸ್ವೀಕೃತಿ ಹೊರಬರುತ್ತದೆ. ಅದರ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಉದ್ದನೆಯ ಸಂಖ್ಯೆ. “ಯಾವತ್ತು ಬರ್ಲಿ ಸಾರ್?” ಎಂದು ಕೇಳಿದರೆ “ಮೆಸೇಜ್ ಬತ್ತದ ಕಣವ್ವ, ಆಗ ಬಂದ್ರ ಸಾಕು” ಎನ್ನುತ್ತಾರೆ. ಆ ತಾಯಿ ಚೀಟಿಯನ್ನು ಮಡಿಸಿ ಕವರಿಗೆ ಸೇರಿಸುವಷ್ಟರಲ್ಲಿ ಮುಂದಿನವರ ಸರದಿ ಬಂದಿರುತ್ತದೆ. ಅರ್ಜಿಯ ಪಯಣ ಶುರುವಾಗುವುದು ಆಮೇಲೆ. ಗ್ರಾಮ ಆಡಳಿತಾಧಿಕಾರಿ ವಿಚಾರಿಸಿ ವರದಿ ಬರೆಯಬೇಕು, ರಾಜಸ್ವ ನಿರೀಕ್ಷಕರು ನೋಡಬೇಕು, ಕೊನೆಗೆ ಉಪ ತಹಶೀಲ್ದಾರರ ಡಿಜಿಟಲ್ ಸಹಿ ಬೀಳಬೇಕು. ದಿನಗಳು ಹಿಡಿಯುವ ಕೆಲಸ. ಆ ಸಹಿ ಬೀಳುವವರೆಗೂ ಆ ತಾಯಿ ಕೌಂಟರಿನ ಮುಂದೆ ನಿಂತೇ ಇರಬೇಕು, ಆಪರೇಟರ್ ಬೇರೆ ಯಾರನ್ನೂ ಮಾತಾಡಿಸಬಾರದು ಎಂದು ಯಾರಾದರೂ ನಿಯಮ ಮಾಡಿದರೆ ನಾವು ಒಪ್ಪುವುದಿಲ್ಲ.

ಆದರೆ ಸರ್ವರ್ ಪ್ರೋಗ್ರಾಂಗಳನ್ನು ಬಹುಕಾಲ ಹಾಗೆಯೇ ಬರೆಯಲಾಯಿತು, ಈಗಲೂ ಬರೆಯಲಾಗುತ್ತಿದೆ. ಬಂದ ಪ್ರತಿ ಕೋರಿಕೆಗೂ ಒಂದು ಥ್ರೆಡ್, ಅಂದರೆ ಕೆಲಸ ಮಾಡುವ ಒಂದು ಕೈ. ಉತ್ತರ ಕೊಟ್ಟು ಮುಗಿಸುವವರೆಗೂ ಆ ಥ್ರೆಡ್ ಆ ಕೋರಿಕೆಗೇ ಮೀಸಲು. ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರನ್ನು ಏನೂ ಬದಲಿಸದೆ ಹಾಕಿದರೆ ಅದರ ಬಳಿ ಹೆಚ್ಚೆಂದರೆ 200 ಥ್ರೆಡ್‌ಗಳಿರುತ್ತವೆ. ಒಂದೊಂದು ಕೋರಿಕೆಯೂ ಇನ್ನೊಂದು ಇಲಾಖೆಯ ಸರ್ವರಿನಿಂದ ಮಾಹಿತಿ ತರಿಸಿಕೊಳ್ಳಲು 5 ಸೆಕೆಂಡು ಕಾಯುತ್ತದೆ ಎನ್ನಿ. ಆಗ ಸೆಕೆಂಡಿಗೆ 40 ಮಂದಿಗಷ್ಟೇ ಉತ್ತರ. ಆ ಕಡೆಯ ಸರ್ವರ್ ನಿಧಾನವಾಗಿ ಕಾಯುವಿಕೆ 50 ಸೆಕೆಂಡಿಗೆ ಏರಿದರೆ ಸೆಕೆಂಡಿಗೆ 4. ಸರತಿ ಸಾಲುಗಳ ಈ ಲೆಕ್ಕವನ್ನು ಜಾನ್ ಲಿಟಲ್ 1961ರಲ್ಲೇ ಸಾಧಿಸಿ ತೋರಿಸಿದ್ದರು: ಒಳಗಿರುವವರ ಸಂಖ್ಯೆ ಎಂದರೆ ಬರುವ ವೇಗವನ್ನು ಒಬ್ಬೊಬ್ಬರು ಇರುವ ಹೊತ್ತಿನಿಂದ ಗುಣಿಸಿದ್ದು. ಇದರಲ್ಲಿ ನನ್ನನ್ನು ಬಹಳ ಕಾಡುವುದು ಒಂದು ಸಂಗತಿ. ಆ 50 ಸೆಕೆಂಡಿನಲ್ಲಿ ಯಂತ್ರ ಏನನ್ನೂ ಮಾಡುತ್ತಿರುವುದಿಲ್ಲ. ಅದರ ಪ್ರೊಸೆಸರ್ ಬಿಡುವಾಗಿರುತ್ತದೆ, 200 ಕೈಗಳೂ ಸುಮ್ಮನೆ ಕಾಯುತ್ತಿರುತ್ತವೆ, ಹೊರಗೆ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಕೇಳಿಸಿದಾಗಲೆಲ್ಲ ಅಲ್ಲಿ ಯಂತ್ರ ಕೆಟ್ಟಿದೆ ಎಂದೇನೂ ಅಲ್ಲ. ಎಷ್ಟೋ ಸಲ ಅದು ಇನ್ನೊಬ್ಬರಿಗಾಗಿ ಕಾಯುತ್ತ ತನ್ನ ಕೈಗಳನ್ನೆಲ್ಲ ಕಟ್ಟಿಹಾಕಿಕೊಂಡಿರುತ್ತದೆ.

ಈ ಕಟ್ಟನ್ನು ಬಿಚ್ಚುವ ವಿಧಾನ ಜಾವಾ ಪ್ರೋಗ್ರಾಮಿಂಗ್ ಭಾಷೆಯ ಲೋಕಕ್ಕೆ 2009ರ ಕೊನೆಯಲ್ಲಿ ಸರ್ವ್‌ಲೆಟ್ 3.0ರೊಂದಿಗೆ ಬಂತು. 2013ರಲ್ಲಿ ಬಂದ ಜಾಕ್ಸ್-ಆರ್‌ಎಸ್ 2.0 ಎಂಬ ನಿಯಮಾವಳಿ ಅದಕ್ಕೆ ಇನ್ನೂ ಸರಳವಾದ ರೂಪ ಕೊಟ್ಟಿತು. ಕೋರಿಕೆ ಬಂದಾಗ ಪ್ರೋಗ್ರಾಮಿನ ಕೈಗೆ ಅಸಿಂಕ್‌ರೆಸ್ಪಾನ್ಸ್ ಎಂಬ ಒಂದು ಹಿಡಿಕೆ ಸಿಗುತ್ತದೆ. ಅದನ್ನು ತೆಗೆದಿಟ್ಟುಕೊಂಡು ಥ್ರೆಡ್ಡನ್ನು ಬಿಟ್ಟುಕೊಡಬಹುದು. ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಮುಗಿದ ಮೇಲೆ ಅದೇ ಹಿಡಿಕೆಯ ಮೇಲೆ ರೆಸ್ಯೂಮ್ ಎಂದು ಕರೆದರೆ ಉತ್ತರ ಕೇಳಿದವರಿಗೆ ಹೋಗುತ್ತದೆ. 200 ಥ್ರೆಡ್‌ಗಳ ಸರ್ವರ್ ಸಾವಿರಾರು ಮಂದಿಯನ್ನು ಏಕಕಾಲಕ್ಕೆ ನಿಭಾಯಿಸಬಲ್ಲುದು.

ಇಲ್ಲಿಯವರೆಗಿನದು ಯಾವ ಪಾಠಪುಸ್ತಕದಲ್ಲೂ ಸಿಗುತ್ತದೆ. ನನಗೆ ಮುಖ್ಯವಾಗಿ ತೋರುವುದು ಇದರ ಹಿಂದೆಯೇ ಬರುವ ಹೊಣೆ. ಹಳೆಯ ರೀತಿಯಲ್ಲಿ ಉತ್ತರ ಕೊಡುವುದನ್ನು ಮರೆಯುವುದು ಸಾಧ್ಯವೇ ಇರಲಿಲ್ಲ. ಪ್ರೋಗ್ರಾಮಿನ ಕೊನೆಯ ಸಾಲು ಮುಗಿದರೆ ಸರಿಯೋ ತಪ್ಪೋ ಏನೋ ಒಂದು ಉತ್ತರ ತಾನಾಗಿ ಹೋಗುತ್ತಿತ್ತು. ನಡುವೆ ದೋಷ ಬಂದರೆ ದೋಷವೇ ಉತ್ತರವಾಗಿ ಹೋಗುತ್ತಿತ್ತು. ಹೊಸ ರೀತಿಯಲ್ಲಿ ಕೋರಿಕೆ ತೆಗೆದುಕೊಂಡವನ ಕೆಲಸ ಆಗಲೇ ಮುಗಿದಿರುತ್ತದೆ. ಉತ್ತರ ಕೊಡಬೇಕಾದವನು ಬೇರೆ ಯಾರೋ, ಬೇರೆ ಯಾವಾಗಲೋ. ಹಿನ್ನೆಲೆಯ ಕೆಲಸದಲ್ಲಿ ದೋಷ ಬಂದು ಅದನ್ನು ಯಾರೂ ಹಿಡಿಯದಿದ್ದರೆ ರೆಸ್ಯೂಮ್ ಎಂದೂ ಆಗುವುದಿಲ್ಲ. ಆ ಹಿಡಿಕೆಗೆ ಕಾಲಮಿತಿಯನ್ನು ನಾವಾಗಿ ಹಾಕದಿದ್ದರೆ ಜಾಕ್ಸ್-ಆರ್‌ಎಸ್‌ನ ನಿಯಮದ ಪ್ರಕಾರ ಮಿತಿಯೇ ಇಲ್ಲ. ಉತ್ತರ ಅನಿರ್ದಿಷ್ಟ ಕಾಲ ತಡೆದು ನಿಂತಿರುತ್ತದೆ. ಲಾಗ್‌ನಲ್ಲಿ ಕೆಂಪು ಸಾಲಿಲ್ಲ, ಎಚ್ಚರಿಕೆಯ ಗಂಟೆಯಿಲ್ಲ. ಕೇಳಿದವರ ಪರದೆಯಲ್ಲಿ ಚಕ್ರ ತಿರುಗುತ್ತಿರುತ್ತದೆ, ಅಷ್ಟೆ.

ಆದ್ದರಿಂದ ಹಿಡಿಕೆ ಕೈಗೆ ಬಂದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮುಂಚೆ, ಟೈಮ್‌ಔಟ್ ಬರೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಇಷ್ಟು ಹೊತ್ತಿನೊಳಗೆ ಆಗದಿದ್ದರೆ ಏನು ಹೇಳಬೇಕು ಎಂಬುದನ್ನೂ ಅಲ್ಲೇ ಬರೆಯಬೇಕು. ನಾವು ಏನೂ ಹೇಳಿಕೊಡದಿದ್ದರೆ ಮಿತಿ ಮೀರಿದಾಗ 503 ಎಂಬ ಉತ್ತರ ಹೋಗುತ್ತದೆ, ಅಂದರೆ ಸೇವೆ ಲಭ್ಯವಿಲ್ಲ. ಅದು ಮೌನಕ್ಕಿಂತ ವಾಸಿ. ಅದರ ಜೊತೆಗೆ ಎಷ್ಟು ಹೊತ್ತಿನ ಮೇಲೆ ಮತ್ತೆ ಕೇಳಬಹುದು ಎಂದು ತಿಳಿಸಲು ವೆಬ್ ಸಂವಹನದ ನಿಯಮವಾದ ಎಚ್‌ಟಿಟಿಪಿಯಲ್ಲಿ ಜಾಗವಿದೆ. ಅದನ್ನು ತುಂಬಿದರೆ ಇನ್ನೂ ವಾಸಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಮೊದಲೇ ಎಸ್‌ಎಂಎಸ್‌ನಲ್ಲಿ ತಿಳಿಸುವ ಏರ್ಪಾಡು ಮಾಡಿದ್ದರ ಹಿಂದೆ ಇದೇ ವಿವೇಕ ಇತ್ತು. ಇಡೀ ರಾಜ್ಯದ ಮನೆಯೊಡತಿಯರು ಒಂದೇ ದಿನ ಬಂದರೆ ಯಾವ ಸರ್ವರೂ ತಾಳದು. ಯಾವಾಗ ಬರಬೇಕೆಂದು ಗೊತ್ತಿದ್ದವರು ಅಂದಿನ ತನಕ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ರೆಸ್ಯೂಮ್‌ನ ಇನ್ನೊಂದು ಗುಣ ನನಗೆ ಇಷ್ಟ. ಮೊದಲ ಸಲ ಕರೆದಾಗ ಅದು ಹೌದು ಎನ್ನುತ್ತದೆ. ಅದೇ ಹಿಡಿಕೆಯ ಮೇಲೆ ಎರಡನೆಯ ಸಲ ಕರೆದರೆ ಇಲ್ಲ ಎನ್ನುತ್ತದೆ. ಒಂದು ಕೋರಿಕೆಗೆ ಒಂದೇ ಉತ್ತರ. ಕಾಲಮಿತಿ ಮುಗಿದು ‘ಆಗಲಿಲ್ಲ’ ಎಂದು ಹೇಳಿಯಾದ ಮೇಲೆ ಕೆಲಸ ಮುಗಿಸಿಕೊಂಡು ಬಂದವನು ಆ ‘ಇಲ್ಲ’ವನ್ನು ಗಮನಿಸಬೇಕು. ತಾನು ಮಾಡಿದ್ದು ಕೇಳಿದವರಿಗೆ ತಲುಪಿಲ್ಲ ಎಂದು ಅವನಿಗೆ ಗೊತ್ತಾಗುವುದು ಅಲ್ಲೇ.

ಇಷ್ಟೆಲ್ಲ ಆದರೂ ಇಲ್ಲಿ ಬಿಡುಗಡೆಯಾದದ್ದು ಸರ್ವರ್ ಮಾತ್ರ. ಕೇಳಿದವರು ಸಂಪರ್ಕ ಹಿಡಿದುಕೊಂಡು ಇನ್ನೂ ಸಾಲಿನಲ್ಲೇ ನಿಂತಿದ್ದಾರೆ. ಇದನ್ನು ಅಸಿಂಕ್ರೊನಸ್ ಎಂದು ಕರೆದು ನಾವು ಸಮಾಧಾನಪಟ್ಟುಕೊಳ್ಳುವುದು ಅರ್ಧ ದಾರಿಯಲ್ಲಿ ನಿಂತಂತೆ. 2023ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್‌ಗಳು ಸೇರಿದ ಮೇಲೆ ಸರ್ವರಿಗೆ ಕಾಯುವುದು ಅಗ್ಗವಾಗಿದೆ. ಲಕ್ಷ ಥ್ರೆಡ್‌ಗಳು ಕಾದರೂ ಅದಕ್ಕೆ ಭಾರವಿಲ್ಲ. ಹಾಗಾಗಿ ಸರ್ವರನ್ನು ಉಳಿಸುವ ಆ ಹಳೆಯ ಕಾರಣ ದಿನೇ ದಿನೇ ಸವೆಯುತ್ತಿದೆ. ಸವೆಯದೆ ಉಳಿಯುವುದು ಕೇಳಲು ಬಂದವರ ಹೊತ್ತು. ಅದು ಅಗ್ಗವಾಗಿಲ್ಲ.

ಕೇಳಿದವರನ್ನೂ ಬಿಡುಗಡೆ ಮಾಡಬೇಕಾದರೆ ಕೊಡಬೇಕಾದ ಉತ್ತರ 202: ಸ್ವೀಕರಿಸಲಾಗಿದೆ. ಅದರೊಂದಿಗೆ ಒಂದು ಸಂಖ್ಯೆ ಅಥವಾ ವಿಳಾಸ. ಬೇಕಾದಾಗ ಅಲ್ಲಿ ಬಂದು ವಿಚಾರಿಸಬಹುದು. ಹಿಟ್ಟಿನ ಮಿಲ್ಲಿನಲ್ಲಿ ಕರೆಂಟು ಹೋದಾಗ ರಾಗಿ ಡಬ್ಬವನ್ನು ಸಾಲಿನಲ್ಲಿಟ್ಟು ಜನ ಮನೆಗೆ ಹೋಗುತ್ತಾರಲ್ಲ, ಹಾಗೆ ಸರದಿ ಉಳಿಯುತ್ತದೆ, ಆಳು ಕಾಯಬೇಕಿಲ್ಲ.

ಆದರೆ ಎಚ್‌ಟಿಟಿಪಿಯ ನಿಯಮಗ್ರಂಥ 202ರ ಬಗ್ಗೆ ಹೇಳುವುದನ್ನು ಓದಿದಾಗ ಮನಸ್ಸಿಗೆ ಕಸಿವಿಸಿ. ಕೋರಿಕೆಯನ್ನು ತೆಗೆದುಕೊಂಡಿದೆ, ಕೆಲಸ ಮುಗಿದಿಲ್ಲ, ಮುಂದೆ ಆದರೂ ಆದೀತು, ಆಗದೆಯೂ ಇದ್ದೀತು ಎಂದು ಅದು ಬೇಕೆಂದೇ ಯಾವ ಮಾತನ್ನೂ ಕೊಡದೆ ಬಿಟ್ಟಿದೆ. ಜಗತ್ತಿಗೆಲ್ಲ ಅನ್ವಯಿಸುವ ನಿಯಮ ಹಾಗೆ ಜಾರಿಕೊಳ್ಳುವುದು ಅನಿವಾರ್ಯವೇನೋ. ಮಾತು ಕೊಡುವ ಕೆಲಸವನ್ನು ನಮ್ಮ ನಾಡಿನಲ್ಲಿ ಮಾಡಿದ್ದು ಒಂದು ಕಾನೂನು. 2011ರ ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟವರ ಕೈಗೆ ಜಿಎಸ್‌ಸಿ ಎಂಬ 15 ಅಂಕಿಗಳ ಸಂಖ್ಯೆ ಬರುತ್ತದೆ. ಇಷ್ಟು ದಿನದೊಳಗೆ ಸೇವೆ ಸಿಗಬೇಕು ಎಂಬ ಗಡುವಿದೆ. ತಪ್ಪಿದರೆ ಮೇಲ್ಮನವಿ ಇದೆ, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರವಿದೆ. ‘ಹೇಳಿದ ದಿನ ತಪ್ಪೊಲ್ಲ’ ಎಂಬುದು ಅದರ ಘೋಷವಾಕ್ಯದ ತುಣುಕು. 20 ರೂಪಾಯಿ ಬಸ್ಸಿನ ಖರ್ಚಿಗೂ ಸಾಲದು, ನಿಜ. ಆದರೂ ತಡಕ್ಕೆ ಬೆಲೆಯಿದೆ, ಆ ಬೆಲೆಯನ್ನು ತೆರಬೇಕಾದವರು ಕೊಡುವ ಕಡೆಯವರು ಎಂದು ಬರಹದಲ್ಲಿ ಒಪ್ಪಿಕೊಂಡದ್ದು ದೊಡ್ಡದು. ಆ 15 ಅಂಕಿಗಳನ್ನು ನಾನು ಸಾಲಪತ್ರದಂತೆಯೇ ಓದುತ್ತೇನೆ. ಸ್ವೀಕರಿಸಿದೆ ಎಂದ ಗಳಿಗೆಯಿಂದ ಉತ್ತರ ನಮ್ಮ ಮೇಲಿನ ಋಣ. ಪ್ರೋಗ್ರಾಂ ಬರೆಯುವ ನಾವು 202 ಕಳಿಸುವಾಗಲೆಲ್ಲ ಜೊತೆಗೊಂದು ದಿನಾಂಕ ಕಳಿಸುವ ಧೈರ್ಯ ಮಾಡಬೇಕು.

ಹಾಗೆಂದು ಎಲ್ಲ ತಡವನ್ನೂ ತೊಡೆದುಹಾಕಬೇಕೆಂದು ಹೊರಟರೆ ಅದೂ ಸರಿಯಲ್ಲ. ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಕೇಳಿದ ನಿಮಿಷಕ್ಕೆ ಪ್ರಿಂಟಾಗುತ್ತದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ಹೋದದ್ದು ಅದಕ್ಕಾಗಿಯೇ. ಆದರೆ ಅದೇ ಕಂಪ್ಯೂಟರಿನಲ್ಲಿ ಖಾತೆ ಬದಲಾವಣೆಗೆ ಆಕ್ಷೇಪಣೆಯ ದಿನಗಳಿವೆ. ತಂದೆ ತೀರಿಕೊಂಡ ಮೇಲೆ ಅಣ್ಣ ಒಬ್ಬನೇ ಹೋಗಿ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟರೆ, ಮದುವೆಯಾಗಿ ಗುಂಡ್ಲುಪೇಟೆ ಕಡೆ ಇರುವ ತಂಗಿಗೆ ಸುದ್ದಿ ಮುಟ್ಟಿ, ಅವಳು ಬಂದು ‘ನನಗೂ ಪಾಲಿದೆ’ ಎನ್ನುವಷ್ಟು ಸಮಯ ಬೇಕು. ಆ ಕಾಯುವಿಕೆಯಲ್ಲಿ ಕೆಲಸ ನಿಂತಿಲ್ಲ. ಕಾಯುವುದೇ ಅಲ್ಲಿಯ ಕೆಲಸ. ಯಾವ ವೇಗದ ಸರ್ವರೂ ಅದನ್ನು ಕಡಿತ ಮಾಡಬಾರದು. ಇನ್ನು ಕೆಲವು ಕಡೆ ತಡ ಇರಲೇಬೇಕಾಗಿಲ್ಲ. ಮನೆಮನೆಯ ವಿವರಗಳನ್ನು ಮೊದಲೇ ಪರಿಶೀಲಿಸಿಟ್ಟುಕೊಂಡು ಜಾತಿ, ಆದಾಯ ಪ್ರಮಾಣಪತ್ರಗಳನ್ನು ಕೇಳಿದ ಕೂಡಲೇ ಕೌಂಟರಿನಲ್ಲೇ ಕೊಡುವ ಓಟಿಸಿ ಸೇವೆಯನ್ನು ನಾಡಕಚೇರಿಗಳಲ್ಲಿ ತಂದಾಗ ಉತ್ತರ ಪ್ರಶ್ನೆಗಿಂತ ಮುಂಚೆಯೇ ಸಿದ್ಧವಿರುವಂತಾಯಿತು. ಯಾವುದನ್ನು ಕಾಯಿಸಬೇಕು, ಯಾವುದನ್ನು ಕಾಯಿಸಬಾರದು ಎಂಬ ವಿವೇಚನೆ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಊರು ಗೊತ್ತಿರಬೇಕು.

ಉತ್ತರ ಸಿದ್ಧವಾದ ಮೇಲೆ ಅದು ತಲುಪುವುದು ಹೇಗೆ? ಕೇಳಿದವರೇ ಮತ್ತೆ ಮತ್ತೆ ಬಂದು ವಿಚಾರಿಸುವುದು ಒಂದು; ನಾವೇ ಕರೆದು ಹೇಳುವುದು ಇನ್ನೊಂದು. ಮೊದಲನೆಯದನ್ನು ಪೋಲಿಂಗ್ ಎನ್ನುತ್ತಾರೆ. ಕಂಪ್ಯೂಟರ್ ಕಂಪ್ಯೂಟರನ್ನು ವಿಚಾರಿಸುವಾಗ ಅದಕ್ಕೆ ಖರ್ಚಾಗುವುದು ಒಂದಿಷ್ಟು ಬೈಟುಗಳು. ಮನುಷ್ಯರು ವಿಚಾರಿಸಲು ಬಂದರೆ ಒಂದೊಂದು ಸಲಕ್ಕೂ ಬಸ್ ಚಾರ್ಜು, ಒಂದೊಂದು ಸಲಕ್ಕೂ ಕೂಲಿ. ಹಾಗಾಗಿ ಎಸ್‌ಎಂಎಸ್ ಒಳ್ಳೆಯದು. ಆದರೆ ಅರ್ಜಿಯಲ್ಲಿ ಬರೆಸಿದ ನಂಬರು ಎಷ್ಟೋ ಸಲ ಮಗನದು. ಮಗ ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿದ್ದಾನೆ. ಇಲ್ಲವೇ ರೀಚಾರ್ಜ್ ಮುಗಿದು ಸಿಮ್ ನಿಂತಿದೆ. ಮೆಸೇಜು ಹೋಯಿತು ಎಂದು ನಮ್ಮ ಲಾಗ್ ಹೇಳುತ್ತದೆ, ಮುಟ್ಟಿತು ಎಂದು ಹೇಳುವುದಿಲ್ಲ. ಆದ್ದರಿಂದ ಕರೆದು ಹೇಳಿದ ಮೇಲೂ ಉತ್ತರವನ್ನು ಗೊತ್ತಾದ ಒಂದು ಜಾಗದಲ್ಲಿ ಇಟ್ಟಿರಬೇಕು. ಸ್ವೀಕೃತಿಯ ಸಂಖ್ಯೆ ಹಿಡಿದು ಅವರ ಪರವಾಗಿ ಪಕ್ಕದ ಮನೆಯ ಹುಡುಗಿ ಕೇಳಿದರೂ ‘ಆಗಿದೆ’, ‘ಆಗಿಲ್ಲ, ಕಾರಣ ಇದು’ ಎಂದು ತಿಳಿಯುವಂತಿರಬೇಕು. ತಿರಸ್ಕರಿಸಿದ್ದರೆ ಅದೂ ಉತ್ತರವೇ. ದಾಖಲೆ ಸಾಲದು ಎಂದು ಮೂರನೆಯ ದಿನ ತಿಳಿದರೆ ಇನ್ನೊಂದು ದಾಖಲೆ ತರಬಹುದು. ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಕಳೆದ ಮೇಲೆ ತಿಳಿದರೆ ಆ ಹುಡುಗಿಯ ಒಂದು ವರ್ಷ ಹೋಯಿತು.

ಅಂಗಡಿಗಳಲ್ಲಿ ಈಗ ದುಡ್ಡು ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಗಳಿವೆಯಲ್ಲ, ಅವುಗಳ ಹಿಂದೆಯೂ ಇರುವುದು ಈ ಅಸಿಂಕ್ರೊನಸ್ ರೀತಿಯೇ. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಲ್ಲಿ ಬ್ಯಾಂಕುಗಳ ನಡುವಿನ ಸಂದೇಶಗಳೆಲ್ಲ ಅಸಿಂಕ್ರೊನಸ್. ಕೋರಿಕೆ ಹೋದಾಗ ಮೊದಲು ಬರುವುದು ‘ಮುಟ್ಟಿತು’ ಎಂಬ ಸ್ವೀಕೃತಿ ಮಾತ್ರ. ಹಣ ಹೋಯಿತೋ ಇಲ್ಲವೋ ಎಂಬುದು ಆಮೇಲೆ ಬೇರೆ ಸಂದೇಶವಾಗಿ, ಅದೇ ವಹಿವಾಟಿನ ಸಂಖ್ಯೆಯನ್ನು ಹೊತ್ತು ಬರುತ್ತದೆ. ನಡುವೆ ಕೊಂಡಿ ಕಳಚಿದರೆ ಪರದೆಯಲ್ಲಿ ‘ಪೆಂಡಿಂಗ್’. ಚಿಲ್ಲರೆ ಅಂಗಡಿಯವರಿಗೂ ಗಿರಾಕಿಗೂ ಆ ಮಾತು ಕಿರಿಕಿರಿ. ನನಗಾದರೋ ಅದರ ಮೇಲೆ ಗೌರವ. ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕ ಉತ್ತರ. ಸುಳ್ಳೇ ‘ಆಗಲಿಲ್ಲ’ ಎಂದರೆ ಗಿರಾಕಿ ಇನ್ನೊಮ್ಮೆ ಕಳಿಸುತ್ತಾರೆ, ದುಡ್ಡು ಎರಡು ಸಲ ಹೋಗುತ್ತದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಈ ಪೆಂಡಿಂಗಿಗೂ ಗಡಿ ಹಾಕಿತು: ಒಬ್ಬರಿಂದೊಬ್ಬರಿಗೆ ಕಳಿಸಿದ ಹಣ ಖಾತೆಯಿಂದ ಕಡಿತವಾಗಿ ಆ ಕಡೆ ಸೇರದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸಾಗಬೇಕು, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ, ಮೀರಿದರೆ ದಿನಕ್ಕೆ 100 ರೂಪಾಯಿ.

ಇದೆಲ್ಲದಕ್ಕೂ ಬುಡದಲ್ಲಿ ಇರಬೇಕಾದ ಒಂದು ಶಿಸ್ತನ್ನು ಹೇಳಬೇಕು. ‘ಸ್ವೀಕರಿಸಲಾಗಿದೆ’ ಎಂದು ಹೇಳುವ ಮುಂಚೆ ಬರೆದಿಡಬೇಕು. ಅಸಿಂಕ್‌ರೆಸ್ಪಾನ್ಸ್ ಹಿಡಿಕೆ ಇರುವುದು ಯಂತ್ರದ ಮೆಮೊರಿಯಲ್ಲಿ. ಯಂತ್ರ ಮತ್ತೆ ಚಾಲೂ ಆದರೆ ಅದು ಅಳಿದುಹೋಗುತ್ತದೆ, ಅದರೊಂದಿಗೆ ಯಾರು ಏನು ಕೇಳಿದ್ದರು ಎಂಬುದೂ. ಆದ್ದರಿಂದ ಕೋರಿಕೆ ಮೊದಲು ಡೇಟಾಬೇಸಿಗೆ ಹೋಗಬೇಕು, ಡಿಸ್ಕಿನಲ್ಲಿ ಕೂತದ್ದು ಖಾತ್ರಿಯಾಗಬೇಕು, ಆಮೇಲೆ ಸಂಖ್ಯೆ ಕೊಡಬೇಕು. ಈ ಕ್ರಮ ತಿರುಗುಮುರುಗಾದರೆ ಉತ್ತರ ಕೆಲವು ಮಿಲಿಸೆಕೆಂಡು ಬೇಗ ಹೋಗುತ್ತದೆ, ನೂರು ದಿನ ಏನೂ ಆಗುವುದಿಲ್ಲ, ನೂರ ಒಂದನೆಯ ದಿನ ಕರೆಂಟು ಹೋದಾಗ ಯಾರದೋ ಕೈಯಲ್ಲಿ ಸಂಖ್ಯೆ ಇರುತ್ತದೆ, ನಮ್ಮಲ್ಲಿ ಅರ್ಜಿ ಇರುವುದಿಲ್ಲ. ಅವರೇ ಇನ್ನೊಮ್ಮೆ ಕಳಿಸಿದರೆ ಎರಡನೆಯ ಅರ್ಜಿಯಾಗಿ ದಾಖಲಾಗದಂತೆ ಮೊದಲಿನದರ ಜೊತೆ ಹೊಂದಿಸಿ ನೋಡುವುದೂ ನಮ್ಮ ಕೆಲಸವೇ.

ಬೆಳಿಗ್ಗೆ ಹೊಸದಾಗಿ ಏನನ್ನೂ ಬರೆಯುವ ಮುಂಚೆ ಸರ್ವರಿನ ಪರದೆ ತೆರೆದು ನೋಡುವುದು ರೂಢಿ. ಅಲ್ಲಿ ಸಾಮಾನ್ಯವಾಗಿ ತೋರಿಸುವುದು ಸರಾಸರಿ: ಇಷ್ಟು ಕೋರಿಕೆಗಳು, ಸರಾಸರಿ ಇಷ್ಟು ಹೊತ್ತು. ಸರಾಸರಿಯಲ್ಲಿ ಒಬ್ಬ ಮನುಷ್ಯ ಕಾಣುವುದಿಲ್ಲ. ಸಾವಿರ ಅರ್ಜಿಗಳಿಗೆ ಎರಡು ದಿನದಲ್ಲಿ ಉತ್ತರ ಹೋಗಿ ಒಂದಕ್ಕೆ ನಲವತ್ತು ದಿನವಾದರೂ ಇನ್ನೂ ಹೋಗಿಲ್ಲದಿದ್ದರೆ ಸರಾಸರಿ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ನಾನು ಕಟ್ಟುವ ಪರದೆಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂದೇ ಸಂಖ್ಯೆ ಇಡುತ್ತೇನೆ: ಸ್ವೀಕರಿಸಿಯೂ ಉತ್ತರ ಕೊಡದೆ ಉಳಿದಿರುವುದರಲ್ಲಿ ಅತಿ ಹಳೆಯ ಕೋರಿಕೆ ಎಷ್ಟು ಹೊತ್ತಿನಿಂದ ಕಾಯುತ್ತಿದೆ. ಅದನ್ನು ಒತ್ತಿದರೆ ಆ ಅರ್ಜಿಯೇ ತೆರೆದುಕೊಳ್ಳಬೇಕು, ಯಾರ ಬಳಿ ನಿಂತಿದೆ, ಯಾವಾಗಿನಿಂದ ನಿಂತಿದೆ ಎಂದು ಕಾಣಬೇಕು. ನಾಡಕಚೇರಿ ತೆರೆಯುವುದಕ್ಕೆ ಇನ್ನೂ ನಾಲ್ಕು ಗಂಟೆ ಇದೆ. ಆ ಒಂದನ್ನು ಮುಗಿಸಿ ಮುಂದಿನದಕ್ಕೆ ಹೋಗಲು ಅಷ್ಟು ಹೊತ್ತು ಸಾಕು.